ಆಲೆಮನೆಯ ವಕೀಲ

ಗೆಳೆಯರೇ, ಇವತ್ತು ಚಿನಕುರಳಿಯ ಆಲೆಮನೆ ಮುಂದೆ ಅಣ್ಣತಮ್ಮಂದಿರಿಬ್ಬರು ಹೊಡೆದಾಡುವುದರಲ್ಲಿದ್ದರು. ಇಬ್ಬರೂ ಒಟ್ಟಿಗೇ ಕಬ್ಬಿನ ಗಾಡಿ ತಂದಿದ್ದರು. ಮೊದಲು ಯಾರ ಕಬ್ಬು ಅರೆಯಬೇಕು? ಕಾದವನ ಕಬ್ಬು ಬಿಸಿಲಿಗೆ ಒಣಗುತ್ತದೆ.

ಆಲೆಮನೆ ನಡೆಸುವ ಚಲುವ ಓದಿದ್ದು ವಕೀಲಿಕೆ.

“ಲಾಯರಿಕೆ ಓದ್ದೋನಲ್ವೇನ್ಲಾ ನೀನು, ತೀರ್ಪು ಹೇಳು!” ಎಂದು ಅಣ್ಣ ಗದರಿದ.

ಚಲುವ ಕೊಪ್ಪರಿಗೆಯ ನೊರೆ ತೆಗೆಯುತ್ತಲೇ, “ಇಬ್ರುದೂ ಬೆರೆಸಿ ಅರೀತೀನಿ ಕಣಣ್ಣ, ಬೆಲ್ಲ ಅರ್ಧರ್ಧ ತಗೊಂಡೋಗಿ” ಎಂದ.

ಅಣ್ಣ ಬೆಚ್ಚಿಬಿದ್ದ. “ಇವನ್ದು ಚೌಳು ಗದ್ದೆ ಕಬ್ಬು ಕಣ್ಲಾ! ನನ್ ಬೆಲ್ಲಾನೂ ಉಪ್ಪುಪ್ಪಾಯ್ತದೆ. ಬ್ಯಾಡ, ಮೊದ್ಲು ಇವನ್ದೇ ಅರೆದು ಕಳಿಸ್ಬುಡು!” ಎಂದು ತನ್ನ ಗಾಡಿಯನ್ನು ಹುಣಸೆಮರದ ನೆರಳಿಗೆ ಹೊಡೆದ.

ಮಗನ ಓದು ದಂಡವಾಯಿತೆಂದು ಚಲುವನ ಅಪ್ಪ ಈಗಲೂ ಕೊರಗುತ್ತಾರೆ. ಜಗಳವನ್ನು ಇಷ್ಟು ಬೇಗ ಮುಗಿಸುವವನಿಗೆ ಕೋರ್ಟಿನಲ್ಲಿ ಹೊಟ್ಟೆ ತುಂಬುತ್ತಿತ್ತೇ?