ಕಡೆಯ ಸಲ ಎದ್ದದ್ದು ಯಾವಾಗ

ಈಚೆಗೆ ಯಾರಾದರೂ ಏನಾದರೂ ಕೇಳಿದರೆ ಉತ್ತರ ಹೇಳುವ ಮೊದಲೇ ನನಗೆ ದಣಿವಾಗುತ್ತದೆ. ಉತ್ತರ ಗೊತ್ತಿಲ್ಲವೆಂದಲ್ಲ; ಗೊತ್ತಿರುವುದು ನಿಜವೋ ಅಲ್ಲವೋ ಎಂದು ಇನ್ನೊಮ್ಮೆ ನನ್ನನ್ನೇ ಕೇಳಿಕೊಳ್ಳಬೇಕಲ್ಲ, ಅದಕ್ಕೆ. ಧಾರವಾಡದಲ್ಲಿ ತತ್ವಶಾಸ್ತ್ರ ಓದುವಾಗ ಸಂಶಯಪಡುವುದನ್ನು ಕಲಿತೆ. ಆಗ ದೇವರು, ಜಗತ್ತು ಇಂಥ ದೊಡ್ಡ ಸಂಗತಿಗಳ ಮೇಲೆ ಸಂಶಯವಿತ್ತು. ಈಗ ಬೆಳಗಿನ ಗುಳಿಗೆ ನುಂಗಿದೆನೋ ಇಲ್ಲವೋ ಎಂಬಲ್ಲಿಗೆ ಬಂದು ನಿಂತಿದ್ದೇನೆ. ಕಲಿತದ್ದು ವ್ಯರ್ಥವಾಗಿಲ್ಲ.

ಇಂಥವನಿಗೆ ಕಂಪ್ಯೂಟರಿನ ಕಪ್ಪು ಕಿಟಕಿ ಒಂದು ಸಮಾಧಾನ. ಚಿತ್ರ, ಬಣ್ಣ ಏನೂ ಇಲ್ಲದ ಆ ಕಿಟಕಿಯಲ್ಲಿ ಒಂದು ಸಾಲು ಕಮಾಂಡ್ ಬರೆದು ಎಂಟರ್ ಒತ್ತಿದರೆ ಯಂತ್ರ ತನ್ನ ವಿಷಯವನ್ನು ತಾನೇ ಹೇಳಿಕೊಳ್ಳುತ್ತದೆ: ಮೆಮೊರಿ ಎಷ್ಟಿದೆ, ಡಿಸ್ಕಿನಲ್ಲಿ ಜಾಗ ಎಷ್ಟು ಉಳಿದಿದೆ, ಕಡೆಯ ಸಲ ಎದ್ದದ್ದು ಯಾವಾಗ. ಸೋಲಾಪುರದ ನವಿ ಪೇಠೆಯಲ್ಲಿ ನಮ್ಮ ಅಣ್ಣನ ಬಟ್ಟೆ ಅಂಗಡಿಯಿದೆ. ಕಾಲೇಜಿನ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಅಕ್ಕಲಕೋಟೆಯಿಂದ ದಿನಾ ಎಸ್‌ಟಿ ಬಸ್ಸು ಹಿಡಿದು ಹೋಗಿ ಅಲ್ಲಿಯ ಬಿಲ್ಲಿನ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಕಮಾಂಡುಗಳು ನೆನಪಿರುವುದಿಲ್ಲವಾದ್ದರಿಂದ ಎಲ್ಲವನ್ನೂ ಒಂದೇ ಸ್ಕ್ರಿಪ್ಟಿನಲ್ಲಿ ಬರೆದಿಟ್ಟು ಅದಕ್ಕೆ ‘ಕೇಳು’ ಎಂದು ಹೆಸರು ಕೊಟ್ಟಿದ್ದೇನೆ. ಮೊದಲ ಸಲ ಅದನ್ನು ಒತ್ತಿದಾಗ ಸೀರಿಯಲ್ ನಂಬರಿನ ಮುಂದೆ ‘ತಯಾರಕರು ತುಂಬತಕ್ಕದ್ದು’ ಎಂಬರ್ಥದ ಇಂಗ್ಲಿಷ್ ಸಾಲು ಬಂತು. ಬಿಡಿಭಾಗ ಕೂಡಿಸಿ ಕಟ್ಟಿದ ಯಂತ್ರ. ಅದಕ್ಕೆ ನಾಮಕರಣ ಯಾರೂ ಮಾಡಿರಲಿಲ್ಲ. ತಾನು ಯಾರೆಂದು ತನಗೇ ಗೊತ್ತಿಲ್ಲವೆಂದು ಇಷ್ಟು ನೇರವಾಗಿ ಒಪ್ಪಿಕೊಂಡವರನ್ನು ನಾನು ವಿಶ್ವವಿದ್ಯಾಲಯದಲ್ಲಿಯೂ ಕಂಡಿರಲಿಲ್ಲ. ಅಂದಿನಿಂದ ಅದನ್ನು ನಂಬತೊಡಗಿದೆ.

ನಂಬಿದ್ದೇ ತೊಂದರೆಯಾಯಿತು. ದೀಪಾವಳಿ ಕಳೆದು ಕೆಲವು ವಾರಗಳಾಗಿದ್ದವು. ಯಂತ್ರ ಯಾಕೋ ನಿಧಾನವಾಗಿದೆಯೆಂದು ‘ಕೇಳು’ ಒತ್ತಿದರೆ, ಕಡೆಯ ಸಲ ಎದ್ದದ್ದು ಲಕ್ಷ್ಮೀಪೂಜೆಯ ಮರುದಿನ ಎಂದಿತು. ಅಂದರೆ ಅಂದಿನಿಂದ ಒಮ್ಮೆಯೂ ಆರಿಲ್ಲ. ಅಣ್ಣ ಮೊಣಕಾಲು ನೋವೆಂದು ಸಂಜೆ ಬೇಗ ಮನೆಗೆ ಹೋಗುತ್ತಾನೆ. ಕಂಪ್ಯೂಟರ್ ಆರಿಸಿ, ಶಟರ್ ಎಳೆದು, ಬೀಗ ಹಾಕುವುದು ನನ್ನ ಪಾಲಿನ ಕೆಲಸ. ದಿನಾ ಆರಿಸಿದ ನೆನಪು ನನಗಿತ್ತು. ಆದರೆ ಬೆಳಿಗ್ಗೆ ಕುಂಕುಮ ಹಚ್ಚಿ ಗುಂಡಿ ಒತ್ತುವವನು ಅಣ್ಣ; ನಾನು ಬರುವಷ್ಟರಲ್ಲಿ ಅದು ಹೊತ್ತಿಕೊಂಡೇ ಇರುತ್ತದೆ. ನಾನು ಪರದೆಯನ್ನಷ್ಟೇ ಆರಿಸಿ ಎದ್ದು ಬರುತ್ತಿದ್ದೆನೋ ಏನೋ. ನನ್ನ ನೆನಪಿಗೂ ಯಂತ್ರದ ನೆನಪಿಗೂ ಜಗಳ ಬಿದ್ದರೆ ನಾನು ಯಂತ್ರದ ಕಡೆ.

ತಂದೆಯವರ ಕೊನೆಗಾಲ ಕಣ್ಣಮುಂದೆ ಬಂತು. ನಮ್ಮೂರು ಕರಜಗಿಯ ಮನೆಯಲ್ಲಿ ಅವರು ಉಣ್ಣುತ್ತ ಉಣ್ಣುತ್ತ ಎದ್ದು, “ಎತ್ತಿಗೆ ಮೇವ ಹಾಕೀವೇನೋ?” ಎನ್ನುತ್ತ ಹಿತ್ತಲಿಗೆ ನಡೆಯುತ್ತಿದ್ದರು. ಎತ್ತು ಮಾರಿ ಎಷ್ಟೋ ವರ್ಷಗಳಾಗಿ, ಅವುಗಳ ಜಾಗದಲ್ಲಿ ಟ್ರ್ಯಾಕ್ಟರ್ ನಿಂತಿತ್ತು.

“ನನ್ನ ನೆನಪ ಹೋಗಾಕತ್ತದ,” ಎಂದೆ ಹೆಂಡತಿಗೆ.

“ಹೋಗಾಕ ಅದು ಯಾವಾಗರೆ ಇತ್ತೇನ್ರಿ?” ಎಂದಳು, ಶೇಂಗಾ ಕುಟ್ಟುವುದನ್ನು ನಿಲ್ಲಿಸದೆ. ಹೇಳಿ ನಗಲಿಲ್ಲ. ಅವಳಿಗೂ ಅಂಜಿಕೆಯಾಗಿದೆಯೆಂದು ತಿಳಿಯಿತು.

ಮರುದಿನ ಅಂಗಡಿಯ ಕೀಲಿಕೈಯನ್ನು ಅಣ್ಣನ ಗಾದಿಯ ಮೇಲಿಟ್ಟು ಇದ್ದದ್ದನ್ನೆಲ್ಲ ಹೇಳಿದೆ. “ಇನ್ನ ಇದು ನಿನ್ನ ಹತ್ರನ ಇರ್ಲಿ ಅಣ್ಣಾ. ಒಂದಿನ ಶಟರ್ ತೆರದಿಟ್ಟ ಹೋಗಿಬಿಡ್ತೀನಿ ನಾ.”

ಬಟ್ಟೆ ಅಂಗಡಿಯವರಿಗೆ ಒಂದು ಕ್ರಮವಿದೆ. ಅಳತೆ ಕಡಿಮೆಯೆಂದು ಗಿರಾಕಿ ತಕರಾರು ತೆಗೆದರೆ ಅವರು ವಾದಕ್ಕಿಳಿಯುವುದಿಲ್ಲ. ಅವನ ಮುಂದೆಯೇ ಇನ್ನೊಮ್ಮೆ ಅಳೆಯುತ್ತಾರೆ. ಅಣ್ಣ ಕೀಲಿಕೈಯನ್ನು ಮುಟ್ಟಲಿಲ್ಲ.

“ಈಗ ನನ್ನ ಮುಂದ ವಾಢಸು ಅದನ್ನ,” ಎಂದ. ಪೇಠೆಯಲ್ಲಿ ದೀಪವನ್ನಾಗಲಿ ಅಂಗಡಿಯನ್ನಾಗಲಿ ‘ಬಂದ್ ಮಾಡು’ ಎನ್ನುವುದು ಅಶುಭ. ಮರಾಠಿ ರೂಢಿಯಂತೆ ‘ವಾಢಸು’, ಅಂದರೆ ಬೆಳೆಸು, ಎನ್ನುತ್ತಾರೆ.

ಅವನ ಕಣ್ಣೆದುರೇ ಆರಿಸಿದೆ. ಒಳಗಿನ ಫ್ಯಾನಿನ ಸದ್ದೂ ನಿಂತಿತು. ಮತ್ತೆ ಹಚ್ಚಿ ‘ಕೇಳು’ ಒತ್ತಿದೆ. ಅದೇ ತಾರೀಖು, ಲಕ್ಷ್ಮೀಪೂಜೆಯ ಮರುದಿನ.

“ಸುಳ್ಳ ಹೇಳಾಕತ್ತಾನಲ್ಲೋ ನಿನ್ನ ದೋಸ್ತ,” ಎಂದ ಅಣ್ಣ.

ಸುಳ್ಳೂ ಅಲ್ಲ. ಅಲ್ಲೇ ಕೂತು ಫೋನಿನಲ್ಲಿ ಹುಡುಕಿ ಓದಿದೆ. ಈಗಿನ ಯಂತ್ರಗಳು ಆರಿಸಿದರೂ ಪೂರ್ತಿ ಆರುವುದಿಲ್ಲವಂತೆ. ಮರುದಿನ ಬೇಗ ಏಳಲೆಂದು ಒಳಗಿನ ಸಂಸಾರವನ್ನು ಡಿಸ್ಕಿನಲ್ಲಿ ಮಡಿಚಿಟ್ಟು ಮಲಗುತ್ತವೆ. ಹಾಗೆ ಎದ್ದದ್ದನ್ನು ಏಳುವುದೆಂದೇ ಅವು ಗಣಿಸುವುದಿಲ್ಲ. ರಿಸ್ಟಾರ್ಟ್ ಮಾಡಿದರೆ ಮಾತ್ರ ಹೊಸ ಎಚ್ಚರ. ಜಗತ್ತನ್ನೆಲ್ಲ ಸಂಶಯಿಸಿದ ನಾನು, ಕೇಳಿದ ಪ್ರಶ್ನೆಯನ್ನು ಯಂತ್ರ ಯಾವ ಅರ್ಥದಲ್ಲಿ ತೆಗೆದುಕೊಂಡಿತೆಂದು ಒಮ್ಮೆಯೂ ಸಂಶಯಿಸಿರಲಿಲ್ಲ.

ಅಣ್ಣನಿಗೆ ಬಿಡಿಸಿ ಹೇಳಿದೆ. ಅವನಿಗೆ ಏನೂ ಆಶ್ಚರ್ಯವಾಗಲಿಲ್ಲ. “ಪೇಠ್ಯಾಗಿನ ಯಂತ್ರ ಅಲ್ಲೇನ, ಪೇಠಿ ರೀತಿ ಕಲತದ. ನಾವರೆ ಯಾವಾಗ ಪೂರಾ ಬಂದ್ ಮಾಡೀವಿ? ಅಪ್ಪಾ ಹೋದಾಗೂ ಮೂರನೇ ದಿನಕ್ಕ ಅರ್ಧಾ ಶಟರ್ ಎತ್ತಿ ಕೂತಿದ್ದೆ.” ಕೀಲಿಕೈಯನ್ನು ನನ್ನ ಕಡೆ ಸರಿಸಿದ. “ತಗೋ. ಸಂಜಿಗೆ ನೀನ ವಾಢಸು.”

ಸಂಜೆ ಅಕ್ಕಲಕೋಟೆಯ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಿಟಕಿಯಾಚೆ ಜೋಳದ ಹೊಲಗಳು ಮಬ್ಬಾಗುತ್ತಿದ್ದವು. ತಂದೆಯವರ ನೆನಪು ಅಳಿದುಹೋಗಿತ್ತೆಂದು ಇಷ್ಟು ವರ್ಷ ನಾವೆಲ್ಲ ತಿಳಿದಿದ್ದೆವು. ಈಗ ಹಾಗನ್ನಿಸಲಿಲ್ಲ. ಎತ್ತುಗಳನ್ನು ನಾವು ಮಾರಿದ್ದೆವು. ಅವರೊಳಗೆ ಆ ದಿನ ಇನ್ನೂ ಆರಿರಲಿಲ್ಲ, ಅಷ್ಟೇ. ಅಲ್ಲಿ ಎತ್ತುಗಳು ಹಸಿದು ನಿಂತಿದ್ದವು, ಅವರು ಎದ್ದು ಹೋಗುತ್ತಿದ್ದರು.

ಶಟರಿಗೆ ಬೀಗ ಹಾಕಿದೆನೇ? ಅಂಗಿಯ ಜೇಬು ಮುಟ್ಟಿ ನೋಡಿಕೊಂಡೆ. ಕೀಲಿಕೈ ಇತ್ತು. ಬೀಗದ ಮಾತು ನಾಳೆಗಿರಲಿ ಎಂದು ಸೀಟಿಗೆ ತಲೆಯಾನಿಸಿ, ಕಣ್ಣು ಮುಚ್ಚಿ, ನಾನೂ ಸ್ವಲ್ಪ ವಾಢಿಸಿದೆ.