ದ್ಯಾಮಕ್ಕ ಹಿತ್ತಲಲ್ಲಿ ಕೇಳುವ ಮಾತು

ಹಡಗಲಿಯಿಂದ ಕೂಡ್ಲಿಗಿಯವರೆಗೆ ಮದುವೆ ಸಂಬಂಧ ಕುದುರಿಸುವ ದ್ಯಾಮಕ್ಕನಿಗೆ ಬಸ್ಸಿಳಿದ ಊರಿನ ನ್ಯಾಯವೇ ನ್ಯಾಯ. ತೆಲಿಗಿಯ ಗೌಡರ ಪಡಸಾಲೆಯಲ್ಲಿ ಕೂತು, "ಸೋದರಮಾವಗ ಕೊಡೋದು ಧರ್ಮ ನೋಡ್ರಿ" ಎನ್ನುತ್ತಾಳೆ. ಸಂಜೆ ಕೊಟ್ಟೂರಿನ ನರ್ಸಮ್ಮನ ಮನೆಯಲ್ಲಿ, "ರಕ್ತಸಂಬಂಧ ಮಹಾ ತಪ್ಪುರಿ" ಎನ್ನುತ್ತಾಳೆ. ಎರಡೂ ಕಡೆ ಮೈಲಾರಲಿಂಗನ ಆಣೆ. ಯಾರಾದರೂ ಹಿಡಿದು ಕೇಳಿದರೆ, "ಧರ್ಮ ಅನ್ನೋದು ಸೀರಿ ಉಟ್ಟಂಗ, ಊರಿಗೊಂದು ತರ" ಎಂದು ಎಲೆಯಡಿಕೆ ಜಗಿಯುತ್ತಾಳೆ. ಆದರೆ ತಾಂಬೂಲ ಬದಲಾಯಿಸುವ ಮುಂಚೆ, ಊರು ಯಾವುದೇ ಇರಲಿ, ಹುಡುಗಿಯೊಬ್ಬಳನ್ನೇ ಹಿತ್ತಲಿಗೆ ಕರೆದು, "ನಿನಗ ಮನಸ್ಸೈತೇನವ್ವಾ?" ಎಂದು ಕೇಳುತ್ತಾಳೆ. ಹುಡುಗಿ ತಲೆ ತಗ್ಗಿಸಿ ಸುಮ್ಮನೆ ನಿಂತರೆ ಎಲ್ಲ ಊರೂ ಅದನ್ನು ಒಪ್ಪಿಗೆ ಎನ್ನುತ್ತದೆ. ದ್ಯಾಮಕ್ಕ ಮಾತ್ರ ಹೊರಗೆ ಬಂದು, "ಜಾತಕ ಕೂಡಂಗಿಲ್ರಿ" ಎಂದು ಸಲೀಸಾಗಿ ಸುಳ್ಳು ಹೇಳಿ ಚಪ್ಪಲಿ ಮೆಟ್ಟುತ್ತಾಳೆ. ತನ್ನನ್ನು ಸೋದರಮಾವನಿಗೆ ಗೊತ್ತುಮಾಡಿದ ದಿನ ದ್ಯಾಮಕ್ಕನೂ ಹಾಗೇ ತಲೆ ತಗ್ಗಿಸಿ ನಿಂತಿದ್ದಳು.