ಪೀಟಿ ಸರ್ ಮತ್ತು ಅರಟಿಪಂಡು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ಒಂದನ್ನೊಂದು ಉಜ್ಜುತ್ತಿದ್ದವು. ವಿಭೂತಿ ಗಟ್ಟಿಯನ್ನು ಪುಡಿ ಮಾಡುತ್ತಿದ್ದಾರೇನೋ ಅನ್ನಿಸುತ್ತಿತ್ತು. ನೋಡಿದರೆ ಬೆರಳುಗಳ ನಡುವೆ ಏನೂ ಇರುತ್ತಿರಲಿಲ್ಲ. ಎಡಗೈಯಿಂದ ಅದುಮಿ ಹಿಡಿದರೆ ನಡುಕ ಮೊಣಕೈಗೆ ಏರುತ್ತಿತ್ತು. ಪಾರ್ಕಿನ್ಸನ್ ಕಾಯಿಲೆ. ದನಿ ಮಾತ್ರ ಇನ್ನೂ ಮೈದಾನದ್ದೇ. ಕೆಳಗಿನ ವರಾಂಡದಲ್ಲಿ ಕೂತು ಕರೆದರೆ ಮೇಲಿನ ಮಹಡಿಯ ನನ್ನ ಕೋಣೆಗೆ ಕೇಳುತ್ತಿತ್ತು.

ನಾರಾಯಣಗೂಡದ ಆ ಮನೆಗೆ ನಾನು ಬಾಡಿಗೆಗೆ ಬಂದಾಗ ಅವರು ನಿವೃತ್ತರಾಗಿ ಬಹಳ ಕಾಲವಾಗಿತ್ತು. ರಾಯಚೂರು ಕಡೆಯವರು, ಹೈದರಾಬಾದಿನ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರಾಗಿದ್ದವರು. ಓಣಿಗೆಲ್ಲ ಪೀಟಿ ಸರ್, ನನಗೂ ಹಾಗೇ. ಅವರ ಹೆಂಡತಿಯನ್ನು ಕಾಕು ಎಂದು ಕರೆಯುತ್ತಿದ್ದೆ. ಮೈಸೂರಿನಿಂದ ಬಂದ ನನಗೆ ಆ ಓಣಿಯಲ್ಲಿ ಕನ್ನಡ ಸಿಕ್ಕಿದ್ದು ಅವರಿಬ್ಬರ ಬಾಯಲ್ಲಿ. ಏನು ಕೆಲಸ ಎಂದು ಸರ್ ಮೊದಲ ದಿನವೇ ಕೇಳಿದರು. ಮೊಬೈಲಿನಲ್ಲಿ ಆಡುವ ಆಟಗಳನ್ನು ರೂಪಿಸುವ ಕಂಪನಿಯಲ್ಲಿದ್ದೇನೆ ಎಂದೆ. "ಹಂಗಾರ ನಂದೂ ನಿಂದೂ ಒಂದೇ ಕೆಲ್ಸ, ತಂಗಿ" ಅಂದರು.

ಆಗ ನಾವು ಮಾಡುತ್ತಿದ್ದುದು ಒಂದು ಕೋಟೆಯ ಆಟ. ಎರಡು ತಂಡ. ಕೋಟೆಯೊಳಗಿನ ದೀಪವನ್ನು ಎತ್ತಿಕೊಂಡು ತಮ್ಮ ಬಾಗಿಲಿಗೆ ತರಬೇಕು. ಎದುರಾಳಿ ಮುಟ್ಟಿದರೆ ಬೀಳುತ್ತಾರೆ, ಬಿದ್ದವರನ್ನು ಜೊತೆಯವರು ಎಬ್ಬಿಸಬಹುದು. ಎಲ್ಲಿಯದೋ ಊರಿನ ಅಪರಿಚಿತರೆಲ್ಲ ಸೇರಿ ಆಡುವ ಆಟ. ಇದಕ್ಕೆ ಹೊಸತೇನಾದರೂ ಸೂಚಿಸಿ ಎಂದು ಆಫೀಸಿನಲ್ಲಿ ನಮ್ಮನ್ನೆಲ್ಲ ಕೇಳಿದ್ದರು. ಇನ್ನೂ ದೊಡ್ಡ ಕೋಟೆ, ಇನ್ನಷ್ಟು ವೇಷ, ಹೊಸ ಆಯುಧ, ಹೀಗೆ ನಾನು ಯೋಚಿಸಿದ್ದನ್ನು ಒಂದು ಸಂಜೆ ಸರ್‌ಗೆ ಹೇಳಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು.

"ಇವೆಲ್ಲಾ ಹೆಚ್ಚು ಮಾಡೋದು, ತಂಗಿ. ಹೊಸದು ಬ್ಯಾರೆ. ಹೊಸದು ಬೇಕಂದ್ರ ಆಡೋರನ್ನ ನೋಡಬ್ಯಾಡ. ಗೆರಿ ಹೊರಗ ಯಾರು ನಿಂತಾರ, ಅವರನ್ನ ನೋಡು."

ಶಾಲೆಯಲ್ಲಿ ಅವರು ಮಾಡುತ್ತಿದ್ದುದೂ ಅದನ್ನೇ ಎಂದು ಕಾಕು ಹೇಳಿದರು. ಮಕ್ಕಳು ತಂಡ ಆರಿಸಿಕೊಳ್ಳುವಾಗ ಯಾರೂ ಕರೆಯದೆ ಉಳಿದವರ ಪಕ್ಕ ಹೋಗಿ ಕೂರುತ್ತಿದ್ದರಂತೆ. ಮರುದಿನ ಆಟದ ನಿಯಮವನ್ನು ಕೊಂಚ ತಿರುಗಿಸಿ, ಅಂಥವರೂ ಆಡುವಂತೆ ಮಾಡುತ್ತಿದ್ದರಂತೆ.

ನಮ್ಮ ಆಟವನ್ನು ತಾವೂ ಆಡಿ ನೋಡುವುದಾಗಿ ಹೇಳಿದರು. ಅವರ ಮೊಬೈಲಿಗೆ ಹಾಕಿಕೊಟ್ಟೆ. ಒಂದು ಭಾನುವಾರ ಕಾಕು ಕೊಟ್ಟ ಚಹಾ ಕುಡಿಯುತ್ತ ಪಕ್ಕದಲ್ಲೇ ಕೂತಿದ್ದೆ. ಸರ್ ಬೆರಳು ತೆರೆಯ ಮೇಲೆ ಒಂದು ಕಡೆ ಹೋಗಬೇಕಾದರೆ ಇನ್ನೊಂದು ಕಡೆ ಹೋಗುತ್ತಿತ್ತು. ದೀಪ ಎರಡು ಸಲ ಕೈಜಾರಿತು. ತಂಡದ ಹುಡುಗರು ಹಿಂದಿಯಲ್ಲಿ ಏನೇನೋ ಬರೆದರು. ಆಮೇಲೆ ಎಲ್ಲರೂ ಸೇರಿ ಅವರನ್ನು ತಂಡದಿಂದ ಹೊರಹಾಕಿದರು. ಹಾಗೆ ಹೊರಹಾಕುವ ಗುಂಡಿಯನ್ನು ಆಟದಲ್ಲಿ ನಾವೇ ಇಟ್ಟಿದ್ದೆವು. ತೆರೆ ಕಪ್ಪಾಯಿತು.

ಸರ್ ಮೊಬೈಲನ್ನು ನಿಧಾನವಾಗಿ ಮಗುಚಿ ಇಟ್ಟರು. "ಅವರದೇನೂ ತಪ್ಪಿಲ್ಲ. ನನ್ನಿಂದ ಸೋಲಾಕತ್ತಿದ್ರು." ಆಮೇಲೆ, "ನಮ್ಮ ಓಣ್ಯಾಗಾಗಿದ್ರ ನನ್ನ ಅರಟಿಪಂಡು ಮಾಡ್ತಿದ್ರು" ಅಂದರು.

ತೆಲುಗಿನಲ್ಲಿ ಅರಟಿಪಂಡು ಎಂದರೆ ಬಾಳೆಹಣ್ಣು ಎಂಬುದಷ್ಟೇ ನನಗೆ ಗೊತ್ತಿತ್ತು. ಸರ್ ವಿವರಿಸಿದರು. ಇಲ್ಲಿನ ಓಣಿಗಳಲ್ಲಿ ದೊಡ್ಡ ಹುಡುಗರ ಆಟಕ್ಕೆ ತಾನೂ ಬರುತ್ತೇನೆಂದು ಅಳುವ ಚಿಕ್ಕ ಮಗುವಿಗೆ ಆ ಹೆಸರು. ಅದು ಎಲ್ಲರೊಡನೆ ಓಡುತ್ತದೆ, ಅಡಗುತ್ತದೆ, ಹಿಡಿಯುತ್ತದೆ. ಆದರೆ ಅದು ಸಿಕ್ಕಿಬಿದ್ದರೆ ಔಟಲ್ಲ, ಅದು ಹಿಡಿದರೂ ಯಾರೂ ಔಟಲ್ಲ. ಅಷ್ಟು ಹೇಳಿ ನನ್ನನ್ನು ನೋಡಿದರು. "ನನಗ ಗೆಲ್ಲಬೇಕಂತಿಲ್ಲ, ತಂಗಿ. ಆಟದಾಗ ಇರಬೇಕು."

ಮರುದಿನ ಆಫೀಸಿನಲ್ಲಿ ಅದನ್ನೇ ಹೇಳಿದೆ. ತಂಡಕ್ಕೆ ಒಬ್ಬರು ಹೆಚ್ಚಿನವರು, ಅವರ ಸೋಲು ಗೆಲುವು ಎಣಿಕೆಗಿಲ್ಲ. ನಮ್ಮ ಹಿರಿಯ ಡಿಸೈನರ್ ತೆಲುಗಿನವರು. ಆ ಪದ ಕೇಳಿ ನಕ್ಕರು, ತಾನೂ ಅಣ್ಣಂದಿರ ಆಟದಲ್ಲಿ ಅರಟಿಪಂಡು ಆಗಿದ್ದೆ ಎಂದರು. ಆದರೆ ಕೂಡಲೇ ಗಂಭೀರರಾದರು. ಚೆನ್ನಾಗಿ ಆಡುವವನೇ ಆ ವೇಷದಲ್ಲಿ ನುಸುಳಿದರೆ? ಔಟಾಗದವನನ್ನು ಅಡ್ಡ ನಿಲ್ಲಿಸಿ ದಾರಿ ಕಟ್ಟಿದರೆ? ಉತ್ತರ ತಂದರೆ ಮಾಡೋಣ ಎಂದರು.

ಆ ಉತ್ತರ ಹುಡುಕುವುದರಲ್ಲಿ ಮಳೆಗಾಲ ಕಳೆಯಿತು. ಸರ್ ಮಂಚದ ಮೇಲೆ ಒಂದು ತಟ್ಟೆ, ಅದರಲ್ಲಿ ಹುಣಸೆ ಬೀಜ. ಒಂದೊಂದು ಬೀಜ ಒಬ್ಬೊಬ್ಬ ಆಟಗಾರ. ಮೊದಮೊದಲು ತಾವೇ ಸರಿಸುತ್ತಿದ್ದರು. ಕೈ ಮಾತು ಕೇಳದಾದಾಗ ಅವರು ಹೇಳಿದ ಕಡೆಗೆ ಕಾಕು ಸರಿಸುತ್ತಿದ್ದರು. ಆ ಮೈದಾನದ ದನಿಯೂ ಅಷ್ಟರಲ್ಲಿ ಇಳಿಯುತ್ತಿತ್ತು. ಕಿವಿಯನ್ನು ಹತ್ತಿರ ಒಯ್ಯಬೇಕಾಗುತ್ತಿತ್ತು. ಮೊದಲ ಪ್ರಶ್ನೆಗೆ ಅವರ ಉತ್ತರ ಸುಲಭವಾಗಿತ್ತು: ಓಣಿಯಲ್ಲಿ ಎರಡೂ ಕಡೆಯವರು ಒಪ್ಪಿದರೆ ಮಾತ್ರ ಆ ಮಗು ಆಟಕ್ಕೆ ಸೇರುತ್ತದೆ, ಇಲ್ಲೂ ಹಾಗೇ ಇರಲಿ. ದಾರಿ ಕಟ್ಟುವ ಮಾತಿಗೆ, ಅರಟಿಪಂಡು ಆದವರ ಮೈ ಯಾರಿಗೂ ಅಡ್ಡ ಬಾರದಂತೆ, ಎಲ್ಲರೂ ದಾಟಿ ಹೋಗುವಂತೆ ಮಾಡಿ ಎಂದರು.

ಹಾಗಾದರೆ ಆಟದಲ್ಲಿ ಅರಟಿಪಂಡು ಮಾಡುವುದೇನು ಎಂದು ನಾನು ಕೇಳಿದೆ. ಸರ್ ಆ ಪ್ರಶ್ನೆಯನ್ನು ಕೆಲವು ದಿನ ಮನಸ್ಸಿನಲ್ಲೇ ಇಟ್ಟುಕೊಂಡರು. ಒಂದು ಮಧ್ಯಾಹ್ನ ನನ್ನನ್ನು ಕರೆಸಿ, ಒಂದೊಂದೇ ಮಾತು ಜೋಡಿಸಿಕೊಂಡು ಹೇಳಿದರು: "ಸುಮ್ನ ನಿಂದ್ರಿಸಿದ್ರ ಅದು ಕನಿಕರ. ಕೆಲ್ಸ ಕೊಡ್ರಿ. ಬಿದ್ದೋರನ್ನ ಎಬ್ಬಸ್ಲಿ. ಎರಡೂ ಕಡಿಯವರನ್ನ."

ಆಟದ ರೂಪವನ್ನೇ ಬದಲಿಸಿದ್ದು ಆ ಕೊನೆಯ ಮಾತು. ತಮ್ಮವರನ್ನು ಎಬ್ಬಿಸುವುದು ನಮಗೂ ಹೊಳೆದಿತ್ತು, ಎದುರಾಳಿಯನ್ನೂ ಎಬ್ಬಿಸುವುದು ಯಾರಿಗೂ ಹೊಳೆದಿರಲಿಲ್ಲ. ಆಫೀಸಿನಲ್ಲಿ ಆಡಿ ನೋಡಿದಾಗ, ಎಣಿಕೆಗಿಲ್ಲದ ಅವರಿಗಾಗಿ ಎರಡು ತಂಡಗಳೂ ಕಾಯುತ್ತಿದ್ದವು. ಹಿರಿಯ ಡಿಸೈನರ್ ಒಪ್ಪಿದರು.

ಎಲ್ಲರಿಗೂ ಬಿಡುಗಡೆಯಾಗುವ ಮೊದಲು, ಒಂದು ಭಾನುವಾರ, ನನ್ನ ಸಹೋದ್ಯೋಗಿಗಳು ಅವರವರ ಮನೆಯಿಂದಲೇ ಸೇರಿಕೊಂಡು ಸರ್ ಜೊತೆ ಆಡಿದರು. ಪಕ್ಕದಲ್ಲೇ ಕೂತು ನಾನೂ ಸರ್ ತಂಡದಲ್ಲಿ ಆಡಿದೆ. ಕಾಕು ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. ತೆರೆಯ ಮೇಲೆ ಒಬ್ಬೊಬ್ಬರೇ ಒಪ್ಪಿಗೆ ಒತ್ತಿದಂತೆ ಹಸಿರು ಚುಕ್ಕಿಗಳು ಹತ್ತಿಕೊಂಡವು. ಸರ್ ಅವನ್ನೇ ನೋಡುತ್ತಿದ್ದರು. ಮುಖದ ಸ್ನಾಯುಗಳು ಬಿಗಿದುಹೋಗಿದ್ದರಿಂದ ಅವರಿಗೆ ನಗಲು ಬರುತ್ತಿರಲಿಲ್ಲ. ಕಣ್ಣು ಮಾತ್ರ ತುಂಬಿದವು. ಕೋಟೆಯ ಮೆಟ್ಟಿಲ ಮೇಲೆ ಎದುರು ತಂಡದ ಹುಡುಗಿಯೊಬ್ಬಳು ಬಿದ್ದಿದ್ದಳು. ಸರ್ ಅಲ್ಲಿಗೆ ತಲುಪುವಷ್ಟರಲ್ಲಿ ಆಟ ಮುಗಿಯುತ್ತದೇನೋ ಅಂದುಕೊಂಡೆ. ಅಡ್ಡಾದಿಡ್ಡಿಯಾಗಿ ಹೋದರು, ಎಬ್ಬಿಸಿದರು. ಅವಳು ಎದ್ದವಳೇ ದೀಪ ಕಸಿದುಕೊಂಡು ಓಡಿದಳು, ನಾವು ಸೋತೆವು. ಕಾಕು ಅವರ ಗಲ್ಲ ಒರೆಸುತ್ತ, ಸಾಕಾಯ್ತೇನ್ರಿ ಎಂದು ಕೇಳಿದರು.

"ಇನ್ನೊಂದ್ ಆಟ" ಅಂದರು ಸರ್.

ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಆಸ್ಪತ್ರೆ ಸೇರಿದವರು ಮನೆಗೆ ಮರಳಲಿಲ್ಲ. ಆಟದ ಹೊಸ ರೂಪ ಜನರಿಗೆ ಸಿಕ್ಕಿದ್ದು ಆಮೇಲೆ. ಯಾರು ಯಾರೋ, ಎಲ್ಲೆಲ್ಲೋ, ಇಂದೂ ಅದನ್ನು ಆಡುತ್ತಿದ್ದಾರೆ. ಒಳ್ಳೆಯ ಯೋಚನೆ ನಿಮ್ಮದು ಎಂದು ಯಾರಾದರೂ ಹೊಗಳಿದಾಗ, ಅದು ನನ್ನದಲ್ಲ ಎಂದು ಹೇಳುತ್ತಲೇ ಬಂದಿದ್ದೇನೆ. ಹೊಸ ಆಟಕ್ಕೆ ಕೂತಾಗಲೆಲ್ಲ ಯಾರು ಇದನ್ನು ಆಡಲಾರರು ಎಂದು ಮೊದಲು ಕೇಳಿಕೊಳ್ಳುವುದು ನನಗೆ ಅಭ್ಯಾಸವಾಗಿದೆ.

ಅವರು ಹೋದ ದಿನ ಓಣಿಯಲ್ಲಿ ಶಾಮಿಯಾನ ಹಾಕಿದ್ದರು. ಹಳೆಯ ವಿದ್ಯಾರ್ಥಿಗಳು ಸಾಲುಸಾಲಾಗಿ ಬಂದಿದ್ದರು, ತಲೆ ನೆರೆತವರೂ ಇದ್ದರು. ಯಾರ ಪಕ್ಕ ನಿಲ್ಲಬೇಕೆಂದು ತಿಳಿಯದೆ ನಾನು ಗೇಟಿನ ಬಳಿ ನಿಂತಿದ್ದೆ. ಬೆಂಚಿನ ತುದಿಯಲ್ಲಿ ಕೂತಿದ್ದ ಹಿರಿಯರೊಬ್ಬರು, ನೀವು ಯಾವ ವರ್ಷದ ಬ್ಯಾಚಿನವರು ಎಂದು ಕೇಳಿದರು.

"ನಾನು ವಿದ್ಯಾರ್ಥಿ ಅಲ್ಲ" ಅಂದೆ. "ಸರ್ ಜೊತೆ ಆಡ್ತಿದ್ದೆ."

ಅವರು ನನ್ನನ್ನೊಮ್ಮೆ ನೋಡಿ, ಪಕ್ಕದವರಿಗೂ ಹೇಳಿ ಸರಿದು ಜಾಗ ಮಾಡಿದರು.